ನಾಯಿ ಜೊತೆ ಬರುವ ಬಾಡಿಗೆದಾರ: ಬೀಗದ ಕೈ ಕೊಡುವ ಮುನ್ನ ಕೇಳಬೇಕಾದ್ದು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನಾಯಿಗೆ ಒಂದು ಗಡಿ ಇತ್ತು. ಅಂಗಳ ಪೂರ್ತಿ ಅದರದ್ದು, ಜಗಲಿಯ ಒಂದು ಮೂಲೆ ಅದರದ್ದು. ಹೊಸಿಲು ದಾಟಿ ಒಳಗೆ ಮೂತಿ ಹಾಕಿದರೆ ಅಮ್ಮನ ಕೈಗೆ ಪೊರಕೆ ಬರುತ್ತಿತ್ತು. ಹಾಗಂತ ಅಮ್ಮನಿಗೆ ನಾಯಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಎಲ್ಲರ ಊಟವಾದ ಮೇಲೆ ಅನ್ನಕ್ಕೆ ಮಜ್ಜಿಗೆ ಕಲಸಿ ಅದರ ತಟ್ಟೆಗೆ ಹಾಕುತ್ತಿದ್ದವಳೂ ಅವಳೇ. ಪ್ರೀತಿ ಬೇರೆ, ಹೊಸಿಲು ಬೇರೆ.

2022ರ ಜನವರಿಯ ಒಂದು ಭಾನುವಾರ ಇಂಗ್ಲೆಂಡಿನಿಂದ ಫೋನ್ ಮಾಡಿ, ‘ರೆಡಿಂಗ್ ಮನೆ ಕೇಳ್ಕೊಂಡು ಒಬ್ರು ಬಂದಿದ್ದಾರಮ್ಮ. ಜೊತೆಗೆ ಒಂದು ನಾಯಿನೂ ಇದೆ’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ ಅಮ್ಮ ಅಂದಳು: ‘ಅಲ್ಲ ಮಾರಾಯ, ಸತ್ಯನಾರಾಯಣ ಪೂಜೆ ಮಾಡಿ ಒಳಗೆ ಹೋದ ಮನೆ ಅದು. ದೇವರಿಟ್ಟ ಕೋಣೇಲಿ ಇನ್ನು ನಾಯಿ ಮಲಗ್ತದಾ?’

ನನ್ನ ಬಳಿ ತಕ್ಷಣಕ್ಕೆ ಉತ್ತರ ಇರಲಿಲ್ಲ. ಅಮ್ಮನಿಗೆ ನಾನು ಹೇಳದೆ ಮುಚ್ಚಿಟ್ಟಿದ್ದ ಸಂಗತಿ ಒಂದಿತ್ತು. ಆ ಮನೆಯಲ್ಲಿ ಅದಾಗಲೇ ಒಂದು ಬೆಕ್ಕು ಎರಡು ವರ್ಷ ಬಾಳಿ ಹೋಗಿತ್ತು. ‘ಸಾಕುಪ್ರಾಣಿಗಳಿಗೆ ಅವಕಾಶವಿಲ್ಲ’ ಎಂದು ಕರಾರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿದ್ದರೂ!

ಬೆಕ್ಕು ಕಲಿಸಿದ ಪಾಠ

ಇಲ್ಲಿರುವ ನಮ್ಮಂಥ ಅನೇಕರು ಮನೆ ಮಾಲೀಕರಾದದ್ದು ವ್ಯಾಪಾರದ ಲೆಕ್ಕ ಹಾಕಿ ಅಲ್ಲ. ಸಾಲ ಮಾಡಿ ಒಂದು ಮನೆ ಕೊಳ್ಳುತ್ತೇವೆ. ಕೆಲಸ ಬೇರೆ ಊರಿಗೆ ಕರೆಯುತ್ತದೆ. ಮಾರಲು ಮನಸ್ಸಿಲ್ಲ, ಖಾಲಿ ಬಿಡಲು ಕಂತು ಬಿಡುವುದಿಲ್ಲ. ನಾವು 2014ರಲ್ಲಿ ರೆಡಿಂಗಿನಲ್ಲಿ ಎರಡು ಮಲಗುವ ಕೋಣೆಯ ಸಾಲುಮನೆ ಕೊಂಡೆವು. 2019ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿಗೆ ಬಂದೆವು. ಆ ಮನೆಯನ್ನು ಏಜೆಂಟರ ಮೂಲಕ ಬಾಡಿಗೆಗೆ ಕೊಟ್ಟೆವು.

ಮೊದಲ ಬಾಡಿಗೆದಾರರು ಗಂಡ ಹೆಂಡತಿ, ಇಬ್ಬರಿಗೂ ಒಳ್ಳೆಯ ಕೆಲಸ. ಬಾಡಿಗೆ ಒಂದು ದಿನವೂ ತಪ್ಪಲಿಲ್ಲ. ಎರಡು ವರ್ಷದ ನಂತರ ಅವರು ಖಾಲಿ ಮಾಡಿದ ವಾರ ನಾನೂ ಹೆಂಡತಿಯೂ ಹೋಗಿ ಬಾಗಿಲು ತೆರೆದೆವು. ಮೂಗಿಗೆ ಮೊದಲು ಗೊತ್ತಾಯಿತು. ಹಿಂದಿನ ಕೋಣೆಯ ಕಾರ್ಪೆಟ್ಟಿನಲ್ಲಿ ಬೆಕ್ಕಿನ ಮೂತ್ರದ ವಾಸನೆ. ಬಾಗಿಲ ಚೌಕಟ್ಟಿನ ಕೆಳಭಾಗದಲ್ಲಿ ಉಗುರಿನ ಗೀರು. ಹತ್ತು ನಿಮಿಷ ಓಡಾಡುವುದರೊಳಗೆ ಹೆಂಡತಿಯ ಕಾಲಿಗೆ ಏನೋ ಕಚ್ಚಿದಂತಾಯಿತು. ಚಿಗಟ!

ಖಾಲಿ ಮನೆಯಲ್ಲಿ ಚಿಗಟ ಎಲ್ಲಿಂದ ಬಂತು ಎಂದು ಆಗ ಅಚ್ಚರಿಪಟ್ಟಿದ್ದೆ. ಚಿಗಟದ ಕೋಶಗಳು ಕಾರ್ಪೆಟ್ಟಿನ ಎಳೆಗಳ ನಡುವೆ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತವೆ. ಯಾರಾದರೂ ಒಳಗೆ ನಡೆದಾಡಿ ನೆಲ ಅದುರಿದಾಗ, ಮೈಯ ಬಿಸಿ ತಾಗಿದಾಗ ಒಡೆದು ಹೊರಬರುತ್ತವೆ. ಮೂತ್ರದ ಕಥೆಯೂ ಅಷ್ಟೆ. ಮೇಲಿನ ಕಾರ್ಪೆಟ್ ತೊಳೆದರೆ ವಾಸನೆ ಹೋಗುವುದಿಲ್ಲ, ಅದು ಕೆಳಗಿನ ಮೆತ್ತೆಗೂ ಹಲಗೆಗೂ ಇಳಿದಿರುತ್ತದೆ.

ಕಾರ್ಪೆಟ್ ಬದಲಿಸಲು 740 ಪೌಂಡ್, ಬಾಗಿಲು ಚೌಕಟ್ಟು ಸರಿಪಡಿಸಿ ಬಣ್ಣಕ್ಕೆ 180, ಚಿಗಟಕ್ಕೆ ಔಷಧಿ ಹೊಡೆಸಲು 120. ಒಟ್ಟು 1,040 ಪೌಂಡ್. ಡಿಪಾಸಿಟ್ ಇದೆಯಲ್ಲ ಎಂದು ಧೈರ್ಯವಾಗಿ ದೂರು ಹಾಕಿದೆ. ಕೈಗೆ ಬಂದದ್ದು 210 ಪೌಂಡ್.

ಯಾಕೆ ಅಷ್ಟೇ? ತೀರ್ಪು ಕೊಟ್ಟವರ ತಪ್ಪೇನೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಬಾಡಿಗೆದಾರರ ಡಿಪಾಸಿಟ್ ಮಾಲೀಕನ ಕಿಸೆಯ ಹಣವಲ್ಲ. ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದರಲ್ಲಿ ನೋಂದಾಯಿಸಬೇಕು. ಜಗಳ ಬಂದರೆ ಅಲ್ಲಿನ ತೀರ್ಪುಗಾರರು ಕಾಗದ ಮತ್ತು ಫೋಟೊ ನೋಡಿ ನಿರ್ಧರಿಸುತ್ತಾರೆ. ಹಾನಿಯಾಗಿದೆ ಎಂದು ತೋರಿಸುವ ಹೊಣೆ ಮಾಲೀಕನದು. ನನ್ನ ಬಳಿ ಹಿಂದಿನ ಕೋಣೆಯ ಕಾರ್ಪೆಟ್ ಮೊದಲು ಹೇಗಿತ್ತು ಎಂಬುದಕ್ಕೆ ಒಂದು ಫೋಟೊ ಕೂಡ ಇರಲಿಲ್ಲ. ಜೊತೆಗೆ ಹಳೆಯದಕ್ಕೆ ಹೊಸದರ ಬೆಲೆ ಸಿಗುವುದಿಲ್ಲ. ಹತ್ತು ವರ್ಷ ಬಾಳುವ ಕಾರ್ಪೆಟ್ ಐದು ವರ್ಷ ತುಳಿದಾಗಿದ್ದರೆ ಉಳಿದ ಅರ್ಧ ಆಯಸ್ಸಿನ ಬೆಲೆಯಷ್ಟನ್ನೇ ಕೇಳಬಹುದು.

ಆದರೆ ನಷ್ಟಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಆ ಬೆಕ್ಕು ನನಗೆ ಗೊತ್ತಿದ್ದಿದ್ದರೆ ಚಿಗಟದ ಔಷಧಿ ಹಾಕಿಸಿದ್ದೀರಾ ಎಂದು ಕೇಳುತ್ತಿದ್ದೆ. ಆರು ತಿಂಗಳಿಗೊಮ್ಮೆ ಏಜೆಂಟರು ಮನೆ ನೋಡಲು ಹೋದಾಗ ಆ ಕೋಣೆಯನ್ನೂ ನೋಡುತ್ತಿದ್ದರು. ‘ಬೇಡ’ ಎಂದು ಬರೆಸಿದ್ದರಿಂದ ಬೆಕ್ಕು ಬರುವುದು ನಿಲ್ಲಲಿಲ್ಲ. ಅದು ಇದೆ ಎಂದು ಹೇಳುವುದು ಮಾತ್ರ ನಿಂತಿತು.

ಹನ್ನೊಂದು ಮನೆ ತಿರುಗಿದ ನಾಯಿ

ಹೊಸ ವರ್ಷ ಕಳೆದ ಮೇಲೆ ಏಜೆಂಟರ ಫೋನ್ ಬಂತು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದಾರೆ, ಒಬ್ಬರೇ ಇರುತ್ತಾರೆ. ಈಗಿರುವ ಮನೆಯ ಮಾಲೀಕ ಮನೆ ಮಾರುತ್ತಿರುವುದರಿಂದ ಎರಡು ತಿಂಗಳ ನೋಟಿಸ್ ಕೊಟ್ಟಿದ್ದಾನೆ. ಸಂಬಳದ ದಾಖಲೆ ಸರಿಯಾಗಿದೆ. ಒಂಬತ್ತು ವರ್ಷದ ಲ್ಯಾಬ್ರಡಾರ್ ನಾಯಿ ಇದೆ. ‘ಇದುವರೆಗೆ ಹನ್ನೊಂದು ಮನೆಯವರು ನಾಯಿ ಎಂದ ಕೂಡಲೇ ಬೇಡ ಎಂದಿದ್ದಾರೆ. ಮನೆ ಸಿಗದಿದ್ದರೆ ನಾಯಿಯನ್ನು ಆಶ್ರಯಧಾಮಕ್ಕೆ ಬಿಡಬೇಕಾಗುತ್ತದೆ ಎನ್ನುತ್ತಿದ್ದಾರೆ’ ಎಂದರು.

ಆ ರಾತ್ರಿ ನಮ್ಮ ಮನೆಯಲ್ಲಿ ಚರ್ಚೆ ನಡೆಯಿತು. ‘ಇನ್ನೊಂದು ಸಾವಿರ ಪೌಂಡ್ ಕಳ್ಕೊಳ್ಳೋಕೆ ನಾನು ತಯಾರಿಲ್ಲ’ ಎಂದಳು ಹೆಂಡತಿ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಗಷ್ಟೇ ಹೊಸ ಕಾರ್ಪೆಟ್ ಹಾಕಿಸಿದ್ದೆವು. ಅತ್ತ ಅಮ್ಮನ ದೇವರ ಕೋಣೆಯ ಪ್ರಶ್ನೆ. ಇತ್ತ, ಗಂಡನನ್ನು ಕಳೆದುಕೊಂಡವರು ಈಗ ನಾಯಿಯನ್ನೂ ಕಳೆದುಕೊಳ್ಳಬೇಕು ಎಂಬುದು ನಿದ್ದೆ ಕೊಡಲಿಲ್ಲ. ಬೆಳಿಗ್ಗೆ ಹೆಂಡತಿಯೇ, ‘ಹೌದು ಅನ್ನೋದೂ ಬೇಡ, ಇಲ್ಲ ಅನ್ನೋದೂ ಬೇಡ. ಮೊದ್ಲು ಹೋಗಿ ನೋಡ್ಕೊಂಡು ಬನ್ನಿ. ಹೆಣ್ಣು ನೋಡೋಕೆ ಹೋದಾಗ ಮನೆ ನೋಡಲ್ವಾ, ಹಾಗೆ’ ಎಂದಳು.

ಅವಳು ತಮಾಷೆಗೆ ಹೇಳಿದ್ದು. ಆದರೆ ಸಾಕುಪ್ರಾಣಿ ಇರುವ ಬಾಡಿಗೆದಾರರ ವಿಚಾರದಲ್ಲಿ ನಾನು ಕೇಳಿದ ಒಳ್ಳೆಯ ಸಲಹೆ ಅದೇ. ಪ್ರಾಣಿಯನ್ನು ಅದು ಈಗ ಇರುವ ಮನೆಯಲ್ಲೇ ನೋಡಬೇಕು. ನಾಳೆ ನಮ್ಮ ಮನೆ ಹೇಗಿರುತ್ತದೆ ಎಂಬುದು ಇವತ್ತಿನ ಅವರ ಮನೆಯಲ್ಲಿ ಕಾಣುತ್ತದೆ.

ಏಜೆಂಟರ ಮೂಲಕ ಸಮಯ ಕೇಳಿ ಹೋದೆ. ಬೆಲ್ ಒತ್ತಿದಾಗ ನಾಯಿ ಎರಡು ಸಲ ಬೊಗಳಿತು, ಯಜಮಾನಿ ಹೇಳಿದ ಮೇಲೆ ಸುಮ್ಮನಾಯಿತು. ಒಳಗೆ ವಾಸನೆ ಇರಲಿಲ್ಲ. ಬಾಗಿಲುಗಳ ಕೆಳಭಾಗ ನೋಡಿದೆ, ಗೀರಿರಲಿಲ್ಲ. ಮೆಟ್ಟಿಲ ಬುಡದಲ್ಲಿ ಮಕ್ಕಳಿಗೆ ಹಾಕುವಂಥ ಚಿಕ್ಕ ಗೇಟು, ನಾಯಿ ಮೇಲಿನ ಮಲಗುವ ಕೋಣೆಗೆ ಹೋಗದಂತೆ. ಅಮ್ಮನ ಹೊಸಿಲು ನೆನಪಾಯಿತು.

ಕೇಳಿದ ಪ್ರಶ್ನೆಗಳು

ಆ ದಿನ ನಾನು ಕೇಳಿದ್ದನ್ನು, ಆಮೇಲೆ ಕೇಳಬೇಕಿತ್ತು ಎನಿಸಿದ್ದನ್ನು ಸೇರಿಸಿ ಇಲ್ಲಿ ಕೊಡುತ್ತೇನೆ. ಇಂಗ್ಲೆಂಡ್ ಅಷ್ಟೇ ಅಲ್ಲ, ಯಾವ ದೇಶದಲ್ಲಿ ಮನೆ ಇದ್ದರೂ ಉಪಯೋಗಕ್ಕೆ ಬರುತ್ತವೆ.

ಮೊದಲನೆಯದು, ಯಾವ ಪ್ರಾಣಿ, ಎಷ್ಟು, ಎಷ್ಟು ವಯಸ್ಸು? ಮರಿ ನಾಯಿ ಹಲ್ಲು ಬರುವಾಗ ಕುರ್ಚಿ ಕಾಲು, ಬಾಗಿಲು ಎಲ್ಲವನ್ನೂ ಕಚ್ಚುತ್ತದೆ, ಮನೆಯೊಳಗೆ ಮೂತ್ರ ಮಾಡುತ್ತದೆ. ವಯಸ್ಸಾದ ನಾಯಿ ಕಚ್ಚುವುದಿಲ್ಲ, ಆದರೆ ಕೊನೆಯ ದಿನಗಳಲ್ಲಿ ಮೂತ್ರದ ಹಿಡಿತ ತಪ್ಪಬಹುದು. ಎರಡಕ್ಕೂ ಬೇರೆ ಬೇರೆ ಸಿದ್ಧತೆ ಬೇಕು.

ಎರಡನೆಯದು, ದಾಖಲೆ. ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್‌ನಿಂದ ನಾಯಿಗಳಿಗೆ, 2024ರ ಜೂನ್ 10ರಿಂದ ಸಾಕು ಬೆಕ್ಕುಗಳಿಗೆ ಮೈಕ್ರೋಚಿಪ್ ಕಡ್ಡಾಯ. ಚಿಪ್ಪಿನ ನೋಂದಣಿ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಲಸಿಕೆ, ಚಿಗಟ ಮತ್ತು ಹುಳುವಿನ ಔಷಧಿ, ಸಂತಾನಹರಣ ಚಿಕಿತ್ಸೆಯ ವಿವರ ಪಶುವೈದ್ಯರ ಬಳಿ ಇರುತ್ತದೆ. ಚಿಕಿತ್ಸೆ ಮಾಡಿಸದ ಗಂಡು ಬೆಕ್ಕು ಮನೆಯೊಳಗೆ ಗುರುತು ಹಾಕಲು ಮೂತ್ರ ಚಿಮ್ಮಿಸುವ ಸಾಧ್ಯತೆ ಹೆಚ್ಚು.

ಮೂರನೆಯದು, ತಳಿ. ಬ್ರಿಟನ್ನಿನಲ್ಲಿ ಅಪಾಯಕಾರಿ ನಾಯಿಗಳ ಕಾಯ್ದೆ 1991ರಿಂದ ಇದೆ. ಪಿಟ್ ಬುಲ್ ಟೆರಿಯರ್, ಜಪಾನಿನ ತೋಸಾ ಮೊದಲಾದವು ನಿಷೇಧಿತ ಪಟ್ಟಿಯಲ್ಲಿವೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2024ರ ಫೆಬ್ರುವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಎಕ್ಸ್‌ಎಲ್ ಬುಲ್ಲಿ ನಾಯಿ ಇಟ್ಟುಕೊಳ್ಳುವುದು ಅಪರಾಧ.

ನಾಲ್ಕನೆಯದು, ದಿನಕ್ಕೆ ಎಷ್ಟು ಹೊತ್ತು ಒಂಟಿಯಾಗಿರುತ್ತದೆ? ನನ್ನ ಲೆಕ್ಕದಲ್ಲಿ ಇದೇ ಮುಖ್ಯ ಪ್ರಶ್ನೆ. ಬಾಗಿಲು ಕೆರೆಯುವುದು, ಪಕ್ಕದ ಮನೆಯವರು ದೂರು ಕೊಡುವಷ್ಟು ಬೊಗಳುವುದು, ಇವೆಲ್ಲ ಹೆಚ್ಚಾಗಿ ಹತ್ತು ಗಂಟೆ ಒಂಟಿಯಾಗಿ ಕೂತ ನಾಯಿಯ ಸಂಕಟ. ಆಕೆಗೆ ರಾತ್ರಿ ಪಾಳಿ ಇರುತ್ತಿತ್ತು. ಆಗ ಏನು ಮಾಡುತ್ತೀರಿ ಎಂದೆ. ಎರಡು ಬೀದಿ ಆಚೆ ಇರುವ ತಂಗಿ ಬಂದು ಮಲಗುತ್ತಾಳೆ ಎಂದರು. ತಂಗಿಯ ಫೋನ್ ನಂಬರನ್ನೂ ಕೊಟ್ಟರು. ಆಕೆ ಆಸ್ಪತ್ರೆಗೆ ಸೇರಿದರೆ ನಾಯಿಯನ್ನು ನೋಡಿಕೊಳ್ಳುವವರೂ ಅವಳೇ.

ಐದನೆಯದು, ಹಿಂದಿನ ಮಾಲೀಕರ ಮಾತು. ‘ಬಾಡಿಗೆ ಸರಿಯಾಗಿ ಕೊಟ್ಟರೇ’ ಎಂದಷ್ಟೇ ಕೇಳಿದರೆ ಸಾಲದು. ‘ನಾಯಿಯಿಂದ ತೊಂದರೆ ಆಯಿತೇ, ಪಕ್ಕದವರು ದೂರಿದರೇ, ಮತ್ತೆ ಕೊಡುತ್ತೀರಾ’ ಎಂದು ಬಿಡಿಸಿ ಕೇಳಬೇಕು.

ನಾಯಿ ಬೆಕ್ಕು ಅಷ್ಟೇ ಸಾಕುಪ್ರಾಣಿ ಅಲ್ಲ. ಮೀನಿನ ತೊಟ್ಟಿ ನಿರಪಾಯ ಎಂದುಕೊಳ್ಳುತ್ತೇವೆ. 200 ಲೀಟರ್ ನೀರೆಂದರೆ 200 ಕಿಲೋ ತೂಕ, ಗಾಜು ಮತ್ತು ಕಲ್ಲು ಬೇರೆ. ಮರದ ನೆಲದ ಮಹಡಿಯಲ್ಲಿ ಅದನ್ನು ಎಲ್ಲಿ ಇಡುತ್ತಾರೆ, ಸೋರಿದರೆ ಕೆಳಗಿನ ಚಾವಣಿಗೆ ಏನಾಗುತ್ತದೆ ಎಂದು ಯೋಚಿಸಬೇಕು.

ಇನ್ನೊಂದು ಮಾತು ನಮ್ಮ ಕುಟುಂಬಗಳಿಗೆ ವಿಶೇಷವಾಗಿ. ಮುಂದೆ ನೀವೇ ಆ ಮನೆಗೆ ವಾಪಸ್ ಹೋಗುವ ಯೋಚನೆ ಇದ್ದು, ಊರಿನಿಂದ ಬರುವ ಅಪ್ಪನಿಗೋ ಅಮ್ಮನಿಗೋ ಆಸ್ತಮಾ ಅಥವಾ ಅಲರ್ಜಿ ಇದ್ದರೆ, ಬೆಕ್ಕು ಹೋದ ಮೇಲೂ ಅದರ ಅಲರ್ಜಿಯ ಕಣಗಳು ಕಾರ್ಪೆಟ್ಟಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ ಎಂಬುದು ನೆನಪಿರಲಿ. ನಾವು ಕೆಳಗಿನ ಹಾಲ್‌ನ ಕಾರ್ಪೆಟ್ ತೆಗೆಸಿ ಲ್ಯಾಮಿನೇಟ್ ಹಾಕಿಸಿದ್ದು ಆ ಲೆಕ್ಕದಿಂದಲೂ ಒಳ್ಳೆಯದಾಯಿತು.

ಹಣದ ಲೆಕ್ಕ, ಕಾಗದದ ಲೆಕ್ಕ

‘ನಾಯಿ ಇದೆ ಎಂದರೆ ಹೆಚ್ಚು ಅಡ್ವಾನ್ಸ್ ತಗೋ’ ಎಂದರು ಊರಿನ ಚಿಕ್ಕಪ್ಪ. ಬೆಂಗಳೂರಿನ ರೂಢಿ ಅವರ ತಲೆಯಲ್ಲಿತ್ತು. ಇಲ್ಲಿ ಅದು ನಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ 2019ರ ಜೂನ್ 1ರಿಂದ ಜಾರಿಯಾದ ಟೆನೆಂಟ್ ಫೀಸ್ ಆ್ಯಕ್ಟ್ ಪ್ರಕಾರ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಪಡೆಯುವಂತಿಲ್ಲ. ನಮ್ಮ ಬಾಡಿಗೆ ತಿಂಗಳಿಗೆ 1,300 ಪೌಂಡ್. ವರ್ಷಕ್ಕೆ 15,600, ವಾರಕ್ಕೆ 300, ಐದು ವಾರಕ್ಕೆ 1,500. ನಾಯಿ ಇರಲಿ, ಆನೆ ಇರಲಿ, ಅಷ್ಟೇ. ಖಾಲಿ ಮಾಡುವಾಗ ‘ಕಂಪನಿಯವರಿಂದಲೇ ಕ್ಲೀನ್ ಮಾಡಿಸಿ ದುಡ್ಡು ಕೊಡಬೇಕು’ ಎಂಬ ಷರತ್ತನ್ನೂ ಹಾಕುವಂತಿಲ್ಲ. ಬಂದಾಗ ಎಷ್ಟು ಶುಚಿಯಾಗಿತ್ತೋ ಅಷ್ಟೇ ಶುಚಿಯಾಗಿ ಬಿಡಬೇಕು ಎನ್ನಬಹುದು.

ಹಾಗಾಗಿ ಮಾಲೀಕನಿಗೆ ನಿಜವಾದ ರಕ್ಷಣೆ ದುಡ್ಡಿಗಿಂತ ಕಾಗದದಲ್ಲಿದೆ. ಈ ಸಲ ನಾನು ಪ್ರತಿ ಕೋಣೆಯ ನೆಲ, ಬಾಗಿಲ ಎರಡೂ ಬದಿ, ಚೌಕಟ್ಟು, ಹಿತ್ತಲಿನ ಹುಲ್ಲು ಎಲ್ಲದರ ಫೋಟೊ ತೆಗೆದು, ದಿನಾಂಕ ಸಹಿತ ಪಟ್ಟಿ ಮಾಡಿಸಿದೆ. ಆಕೆ ನೋಡಿ ಸಹಿ ಹಾಕಿದರು. ಅನುಮತಿಯನ್ನು ಬಾಯಿಮಾತಿನಲ್ಲಿ ಕೊಡಲಿಲ್ಲ. ಇಂಥ ಹೆಸರಿನ, ಇಂಥ ಬಣ್ಣದ, ಇಂಥ ಚಿಪ್ ನಂಬರಿನ ಒಂದು ನಾಯಿಗೆ ಅನುಮತಿ, ಬೇರೆ ಪ್ರಾಣಿ ತರುವುದಾದರೆ ಮತ್ತೆ ಕೇಳಬೇಕು, ಚಿಗಟದ ಔಷಧಿ ತಪ್ಪಬಾರದು, ಹಿತ್ತಲಿನ ಹೊಲಸು ದಿನವೂ ತೆಗೆಯಬೇಕು, ಹಾನಿಯಾದರೆ ಆಗಲೇ ತಿಳಿಸಬೇಕು ಎಂದು ಒಂದು ಪುಟ ಬರೆದೆವು. ಮನೆ ನೋಡಲು ಹೋಗುವಾಗ ಕನಿಷ್ಠ 24 ಗಂಟೆ ಮೊದಲು ಬರೆದು ತಿಳಿಸುವುದು ಇಲ್ಲಿನ ನಿಯಮ. ಅದನ್ನು ನಾವೂ ಪಾಲಿಸಿದೆವು.

ಮನೆಯ ವಿಮೆ ಮಾಡಿಸಿದ ಕಂಪನಿಗೂ ಒಂದು ಫೋನ್ ಮಾಡಿ. ಬಾಡಿಗೆ ಮನೆಗಳ ಅನೇಕ ಪಾಲಿಸಿಗಳಲ್ಲಿ ಸಾಕುಪ್ರಾಣಿ ಮಾಡಿದ ಹಾನಿ ಸೇರಿರುವುದಿಲ್ಲ. ಸೇರಿದೆ ಎಂದುಕೊಂಡು ಕೂತು ಆಮೇಲೆ ಪರಿತಪಿಸುವುದಕ್ಕಿಂತ ಮೊದಲೇ ಕೇಳುವುದು ಮೇಲು.

‘ಇಲ್ಲ’ ಎನ್ನಲು ಈಗ ಕಾರಣ ಬೇಕು

2022ರಲ್ಲಿ ನನಗೆ ಆಯ್ಕೆ ಇತ್ತು. ಬೇಡ ಎಂದಿದ್ದರೆ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಆ ಕಾಲ ಮುಗಿದಿದೆ. 2025ರ ಅಕ್ಟೋಬರ್ 27ರಂದು ರಾಜಮುದ್ರೆ ಬಿದ್ದ ರೆಂಟರ್ಸ್ ರೈಟ್ಸ್ ಆ್ಯಕ್ಟ್‌ನ ಮುಖ್ಯ ಭಾಗಗಳು 2026ರ ಮೇ 1ರಿಂದ ಖಾಸಗಿ ಬಾಡಿಗೆ ಮನೆಗಳಿಗೆ ಅನ್ವಯ. ಕಾರಣ ಕೊಡದೆ ಮನೆ ಬಿಡಿಸುವ ನೋಟಿಸ್ ರದ್ದಾಗಿದೆ. ಜೊತೆಗೆ, ಸಾಕುಪ್ರಾಣಿ ಇಟ್ಟುಕೊಳ್ಳುತ್ತೇನೆ ಎಂದು ಬರೆದು ಕೇಳುವ ಹಕ್ಕು ಬಾಡಿಗೆದಾರನಿಗೆ ಬಂದಿದೆ. ಮಾಲೀಕ 28 ದಿನದೊಳಗೆ ಬರೆದೇ ಉತ್ತರಿಸಬೇಕು. ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಬಾಡಿಗೆದಾರ ಕೋರ್ಟಿಗೆ ಹೋಗಬಹುದು. ಹೆಚ್ಚಿನ ವಿವರ ಬೇಕಿದ್ದರೆ ಆ 28 ದಿನದೊಳಗೇ ಕೇಳಬೇಕು, ವಿವರ ಬಂದ ಮೇಲೆ ಇನ್ನೊಂದು ವಾರ ಸಿಗುತ್ತದೆ.

ಸಕಾರಣ ಎಂದರೇನು? ಅದೇ ಮನೆಯಲ್ಲಿರುವ ಇನ್ನೊಬ್ಬ ಬಾಡಿಗೆದಾರನಿಗೆ ಅಲರ್ಜಿ, ಮನೆ ಆ ಪ್ರಾಣಿಗೆ ತೀರ ಚಿಕ್ಕದು, ಪ್ರಾಣಿಯನ್ನು ಸಾಕುವುದೇ ಕಾನೂನುಬಾಹಿರ, ಇಂಥವು. ಫ್ಲ್ಯಾಟ್ ಆದರೆ ಇನ್ನೊಂದು ಗಂಟು. ಲಂಡನ್ನಿನಂಥ ಕಡೆ ನಮ್ಮವರು ಕೊಂಡ ಬಹುಪಾಲು ಫ್ಲ್ಯಾಟುಗಳು ಲೀಸ್ ಆಧಾರದವು, ಕಟ್ಟಡದ ಒಡೆತನ ಬೇರೆಯವರದು. ಆ ಮೂಲ ಲೀಸಿನಲ್ಲೇ ಪ್ರಾಣಿಗಳಿಗೆ ನಿಷೇಧವಿದ್ದರೆ ನಿರಾಕರಿಸಬಹುದು. ಕಟ್ಟಡದ ಒಡೆಯರ ಒಪ್ಪಿಗೆ ಬೇಕೆಂದಿದ್ದರೆ ಅದನ್ನು ಕೇಳುವ ಜವಾಬ್ದಾರಿ ನಿಮ್ಮದು. ಹಾಗಾಗಿ ಕಪಾಟಿನ ತಳದಲ್ಲಿರುವ ಲೀಸ್ ಪತ್ರವನ್ನು ಈಗಲೇ ತೆಗೆದು ಓದಿಟ್ಟುಕೊಳ್ಳಿ.

ಸಕಾರಣ ಅಲ್ಲದ್ದು ಯಾವುದು ಎಂಬುದೂ ಸ್ಪಷ್ಟವಿದೆ. ನನಗೆ ನಾಯಿ ಇಷ್ಟವಿಲ್ಲ ಎನ್ನುವುದು ಕಾರಣವಲ್ಲ. ಹಿಂದಿನ ಬಾಡಿಗೆದಾರನ ಬೆಕ್ಕು ಮನೆ ಹಾಳು ಮಾಡಿತ್ತು ಎನ್ನುವುದೂ ಕಾರಣವಲ್ಲ. ನನ್ನ 1,040 ಪೌಂಡಿನ ಕಥೆಗೆ ಅಲ್ಲಿ ಬೆಲೆಯಿಲ್ಲ. ಅಂಧರಿಗೆ, ಅಂಗವಿಕಲರಿಗೆ ನೆರವಾಗುವ ತರಬೇತಿ ಪಡೆದ ನಾಯಿಯಂತೂ ಸಾಕುಪ್ರಾಣಿಯ ಲೆಕ್ಕಕ್ಕೇ ಬರುವುದಿಲ್ಲ. 2010ರ ಸಮಾನತಾ ಕಾಯ್ದೆ ಅವರ ಬೆನ್ನಿಗಿದೆ.

ಮಸೂದೆ ಸಂಸತ್ತಿನಲ್ಲಿದ್ದಾಗ ಸಾಕುಪ್ರಾಣಿಗೆ ಪ್ರತ್ಯೇಕ ವಿಮೆ ಕೇಳಬಹುದು ಎಂಬ ಅಂಶವಿತ್ತು. ಮೂರು ವಾರದ ಹೆಚ್ಚುವರಿ ಡಿಪಾಸಿಟ್ ಇರಲಿ ಎಂಬ ತಿದ್ದುಪಡಿಯೂ ಮೇಲ್ಮನೆಯಲ್ಲಿ ಬಂದಿತ್ತು. ಎರಡೂ ಕೊನೆಗೆ ಉಳಿಯಲಿಲ್ಲ. ಐದು ವಾರದ ಡಿಪಾಸಿಟ್ಟೇ ಎಲ್ಲಕ್ಕೂ. ಇದು ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡ್, ವೇಲ್ಸ್‌ಗಳಿಗೆ ಅವುಗಳದ್ದೇ ಬಾಡಿಗೆ ಕಾನೂನು ಇದೆ.

ಅಂದರೆ ಮಾಲೀಕನ ಕೆಲಸ ಬದಲಾಗಿದೆ. ಮೊದಲು ‘ಪ್ರಾಣಿ ಬೇಕೋ ಬೇಡವೋ’ ಎಂದು ಯೋಚಿಸಿದರೆ ಸಾಕಿತ್ತು. ಈಗ ‘ಈ ಪ್ರಾಣಿ, ಈ ಮನೆಯಲ್ಲಿ, ಈ ಯಜಮಾನನ ಜೊತೆ ಹೇಗೆ ಇರುತ್ತದೆ’ ಎಂದು ನೋಡಬೇಕು. ಸರಿಯಾಗಿ ಪ್ರಶ್ನೆ ಕೇಳಲು ಬರುವವನಿಗೆ ಈ ಕಾನೂನು ಭಯ ಹುಟ್ಟಿಸುವುದಿಲ್ಲ.

ಬೇರೆ ದೇಶಗಳಲ್ಲಿ ನಮ್ಮವರಿಗೆ

ಅಮೆರಿಕದಲ್ಲಿ ಸಾಕುಪ್ರಾಣಿಗೆ ಪ್ರತ್ಯೇಕ ಡಿಪಾಸಿಟ್, ತಿಂಗಳ ‘ಪೆಟ್ ರೆಂಟ್’ ಕೇಳುವ ರೂಢಿ ಅನೇಕ ರಾಜ್ಯಗಳಲ್ಲಿದೆ. ಆದರೆ ಅಂಗವೈಕಲ್ಯ ಇರುವವರ ಸಹಾಯಕ ಪ್ರಾಣಿಗಳ ವಿಷಯದಲ್ಲಿ ಫೇರ್ ಹೌಸಿಂಗ್ ಆ್ಯಕ್ಟ್ ಅಡ್ಡ ಬರುತ್ತದೆ. ಅವನ್ನು ಸಾಮಾನ್ಯ ಸಾಕುಪ್ರಾಣಿ ಎಂದು ನಡೆಸಿಕೊಳ್ಳುವಂತಿಲ್ಲ. ಆನ್‌ಲೈನ್‌ನಲ್ಲಿ ಕೊಂಡ ಪತ್ರಗಳ ಹಾವಳಿ ಹೆಚ್ಚಾದಾಗ ಕ್ಯಾಲಿಫೋರ್ನಿಯಾ 2022ರ ಜನವರಿ 1ರಿಂದ ಹೊಸ ನಿಯಮ ತಂದಿತು. ಭಾವನಾತ್ಮಕ ಆಸರೆಯ ನಾಯಿ ಎಂದು ಪತ್ರ ಕೊಡುವ ವೈದ್ಯರು ಆ ವ್ಯಕ್ತಿಯನ್ನು ಕನಿಷ್ಠ 30 ದಿನದಿಂದ ನೋಡುತ್ತಿರಬೇಕು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2025ರ ಮೇ 19ರಿಂದ ಮಾಲೀಕ 21 ದಿನದೊಳಗೆ ಉತ್ತರಿಸಬೇಕು, ನಿರಾಕರಿಸಲು ಕಾನೂನು ಹೇಳಿದ ಕಾರಣಗಳಷ್ಟೇ ನಡೆಯುತ್ತವೆ. ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರಲ್ಲೇ, ಅಚ್ಚು ಹಾಕಿದ ಕರಾರಿನಲ್ಲಿ ‘ನಾಯಿ ಬೆಕ್ಕು ನಿಷೇಧ’ ಎಂದು ಒಟ್ಟಾರೆ ಬರೆದರೆ ಅದು ನಿಲ್ಲುವುದಿಲ್ಲ, ಪ್ರತಿಯೊಂದನ್ನೂ ಬೇರೆಯಾಗಿ ತೂಗಿ ನೋಡಬೇಕು ಎಂದಿದೆ. ಸಿಂಗಪುರದ ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟುಗಳಲ್ಲಿ ಬಹುಕಾಲ ಬೆಕ್ಕಿಗೆ ಅವಕಾಶವೇ ಇರಲಿಲ್ಲ. 2024ರ ಸೆಪ್ಟೆಂಬರ್ 1ರಿಂದ ಪರವಾನಗಿ ಪಡೆದು ಎರಡು ಬೆಕ್ಕು ಸಾಕಬಹುದು. ನಾಯಿಯಾದರೆ ಒಪ್ಪಿಗೆ ಪಡೆದ ಸಣ್ಣ ತಳಿಯದು ಒಂದೇ. ದೇಶ ದೇಶಕ್ಕೂ ವಿವರ ಬೇರೆ, ಆದರೆ ಗಾಳಿ ಬೀಸುತ್ತಿರುವ ದಿಕ್ಕು ಒಂದೇ.

ವಿದೇಶದಲ್ಲಿ ನಾಯಿ, ಬೆಕ್ಕು ಸಾಕಿಕೊಂಡು ಬಾಡಿಗೆ ಮನೆ ಹುಡುಕುತ್ತಿರುವ ನಮ್ಮ ಮಕ್ಕಳಿಗೂ ಒಂದು ಮಾತು. ಮುಚ್ಚಿಡಬೇಡಿ. ಪ್ರಾಣಿಯ ಫೋಟೊ, ವಯಸ್ಸು, ಲಸಿಕೆ ವಿವರ, ಹಿಂದಿನ ಮಾಲೀಕರ ಪತ್ರ, ನೀವಿಲ್ಲದಾಗ ನೋಡಿಕೊಳ್ಳುವವರ ಹೆಸರು ಇವಿಷ್ಟನ್ನು ಒಂದು ಪುಟದಲ್ಲಿ ಬರೆದು ಅರ್ಜಿಯ ಜೊತೆ ಕೊಡಿ. ಕೆಲಸಕ್ಕೆ ಬಯೋಡೇಟಾ ಕೊಡುವಂತೆ ಇದೂ ಒಂದು ಬಯೋಡೇಟಾ. ಆ ನರ್ಸಮ್ಮ ಕೊಟ್ಟಿದ್ದರು. ನಾನು ಓದಿದ್ದು ಅದರಿಂದಲೇ.

ಬೆಂಗಳೂರಿನ ಫ್ಲ್ಯಾಟಿಗೂ ಇದೇ ಪ್ರಶ್ನೆ

ಈ ಪುಟ ಓದುವ ಎಷ್ಟೋ ಅಪ್ಪ ಅಮ್ಮಂದಿರು ವಿದೇಶದಲ್ಲಿರುವ ಮಕ್ಕಳ ಬೆಂಗಳೂರು, ಮೈಸೂರು ಫ್ಲ್ಯಾಟುಗಳ ಬೀಗದ ಕೈ ಇಟ್ಟುಕೊಂಡವರು. ಬಾಡಿಗೆಗೆ ಬರುವ ಹುಡುಗ ಹುಡುಗಿಯರು ನಾಯಿಯೊಂದಿಗೆ ಬರುವುದು ಈಗ ಅಲ್ಲೂ ಸಾಮಾನ್ಯ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ನಿವಾಸಿಗಳ ಸಂಘಗಳು ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ. ಆದರೆ ಅದು ಸಂಘದ ಮಾತು. ಮಾಲೀಕ ಮತ್ತು ಬಾಡಿಗೆದಾರರ ನಡುವಿನ ಕರಾರಿನಲ್ಲಿ ಏನಿದೆ ಎಂಬುದು ಬೇರೆ. ಅದನ್ನು ಬರೆದು ಸ್ಪಷ್ಟ ಮಾಡಿಕೊಳ್ಳಬೇಕು. ಹುಚ್ಚುನಾಯಿ ರೋಗದ ಲಸಿಕೆಯ ಕಾರ್ಡ್ ನೋಡದೆ ಬೀಗದ ಕೈ ಕೊಡಬೇಡಿ. ಮನೆ ಸಿಗಲಿಲ್ಲ ಎಂದು ಸಾಕಿದ ನಾಯಿಯನ್ನು ಬೀದಿಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ ಎಂಬುದು ಅನೇಕರಿಗೆ ಗೊತ್ತಿಲ್ಲ.

ಗೇಟಿನ ಆಚೆ

ಅಮ್ಮನ ಪ್ರಶ್ನೆ ಹಾಗೇ ಉಳಿದಿತ್ತಲ್ಲ. ದೇವರ ಗೂಡು ನಾವು ಮನೆ ಬಿಟ್ಟಾಗಲೇ ತೆಗೆದಿದ್ದೆವು, ದೇವರು ನಮ್ಮ ಜೊತೆ ಮ್ಯಾಂಚೆಸ್ಟರಿಗೆ ಬಂದಾಗಿತ್ತು. ಆದರೂ ಆ ಕೋಣೆ ಅಮ್ಮನಿಗೆ ದೇವರ ಕೋಣೆಯೇ. ನರ್ಸಮ್ಮನಿಗೆ ಇದನ್ನು ಹೇಳಲು ಮುಜುಗರವಾಯಿತು. ಷರತ್ತು ಅಂತಲ್ಲ, ಹಾಗೇ ಮಾತಿಗೆ ಬಂದಾಗ ಹೇಳಿದೆ. ಅವರು ನಗಲಿಲ್ಲ. ‘ನನ್ನ ನಾಯಿ ಮಹಡಿ ಹತ್ತುವುದಿಲ್ಲ. ಗೇಟನ್ನು ಅಲ್ಲಿಗೂ ತರುತ್ತೇನೆ’ ಎಂದರು.

ಸುಮಾರು ನಾಲ್ಕು ವರ್ಷ ಆ ನಾಯಿ ನಮ್ಮ ಮನೆಯಲ್ಲಿತ್ತು. ಹಿಂಬಾಗಿಲಿನ ಬಳಿ ಒಂದು ಗೀರು ಬಿದ್ದಿದೆ, ಹುಲ್ಲು ಒಂದು ಕಡೆ ಹಳದಿಯಾಗಿದೆ. ಗೀರು ಬಿದ್ದ ದಿನವೇ ಫೋಟೊ ಕಳಿಸಿದ್ದರು. ಕೊನೆಯ ತಿಂಗಳುಗಳಲ್ಲಿ ನಾಯಿಗೆ ಮೂತ್ರ ತಡೆಯಲು ಆಗುತ್ತಿರಲಿಲ್ಲ. ನಾವು ಕೇಳುವ ಮುನ್ನವೇ ನೆಲಕ್ಕೆ ನೀರು ಇಳಿಯದ ಹಾಸು ತಂದು ಹಾಸಿದ್ದರು. ಹೋದ ಚಳಿಗಾಲದಲ್ಲಿ ಅದು ತೀರಿಕೊಂಡಿತು. ಸುದ್ದಿ ತಿಳಿಸಿದಾಗ ಅಮ್ಮ, ‘ಛೆ, ಪಾಪ. ಆ ಹೆಂಗಸು ಒಬ್ಬಳೇ ಆದಳಲ್ಲ’ ಎಂದು ಬಹಳ ಹೊತ್ತು ಅದೇ ಮಾತಾಡಿದಳು.

ಹೋದ ತಿಂಗಳು ನರ್ಸಮ್ಮನ ಪತ್ರ ಬಂತು. ಹೊಸ ಕಾನೂನಿನ ಪ್ರಕಾರವೇ, ಬರೆದು ಕೇಳಿದ್ದಾರೆ. ಆಶ್ರಯಧಾಮದಲ್ಲಿರುವ ಆರು ವರ್ಷದ ಹೆಣ್ಣು ನಾಯಿ, ಯಾರದೋ ಮನೆ ಕೈತಪ್ಪಿದಾಗ ಅಲ್ಲಿಗೆ ಬಂದದ್ದಂತೆ. ಉತ್ತರಿಸಲು ನನಗೆ 28 ದಿನ ಇತ್ತು. ಚಿಪ್ ನಂಬರ್, ಲಸಿಕೆ, ಒಂಟಿಯಾಗಿ ಎಷ್ಟು ಹೊತ್ತು, ಎಲ್ಲವನ್ನೂ ಮತ್ತೆ ಕೇಳಿದೆ. ನಾಲ್ಕು ವರ್ಷದ ವಿಶ್ವಾಸ ಇದ್ದರೂ ಕೇಳಬೇಕು, ಯಾಕೆಂದರೆ ಇದು ಬೇರೆ ನಾಯಿ. ಉತ್ತರ ಬಂದ ಮರುದಿನ ಒಪ್ಪಿಗೆ ಕಳಿಸಿದೆ.

ಅಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ಆ ಗೇಟು ಇನ್ನೂ ಇದೆ ತಾನೆ?’

ಇದೆ.